ಕಲಬುರಗಿಯಿಂದ ಶಿಮ್ಲಾ–ಮನಾಲಿಗೆ ಮಕ್ಕಳು, ಅತ್ತೆ ಸಮೇತ: ಬೇಸಿಗೆ ರಜೆಯ ದೂರ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ನಾನು ಕಲಬುರಗಿಯಲ್ಲಿ ಶಾಲೆ ಟೀಚರ್. ಓಣಿಯ ಮಂದಿಗೆಲ್ಲ 'ಅಕ್ಕೋರು'. ಫೆಬ್ರವರಿ ಬಂತೆಂದರೆ ಯಾರಾದರೊಬ್ಬರು ಬಾಗಿಲಿಗೆ ಬಂದು ಕೇಳುತ್ತಾರೆ: "ಅಕ್ಕೋರ, ಈ ಸಲ ಮಕ್ಕಳ್ನ ಕರ್ಕೊಂಡು ಎಲ್ಲಿಗರ ತಂಪನ್ನ ಊರಿಗೆ ಹೋಗ್ಬೇಕಂತೀವಿ, ಹ್ಯಾಂಗ್ ಮಾಡೂದು?" ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಐದು ಮಂದಿ: ನಾವಿಬ್ಬರು, ಹನ್ನೊಂದರ ಮಗಳು, ಆರರ ಮಗ, ಮಂಡಿನೋವಿನ ಅತ್ತೆ. ಈ ಐದೂ ಮಂದಿಗೆ ಒಗ್ಗುವ ಲೆಕ್ಕ ಇದು. ಇಬ್ಬರೇ ಹೊರಡುವ ಹೊಸ ಜೋಡಿಗೆ ಇಷ್ಟೆಲ್ಲ ಬೇಕಿಲ್ಲ.

ಮೊದಲು ವಾಪಸ್ ಬರುವ ದಿನ

ಎಲ್ಲರೂ ಹೋಗುವ ದಿನ ಮೊದಲು ಗೊತ್ತುಮಾಡುತ್ತಾರೆ. ನಾನು ಅದನ್ನು ತಿರುಗಿಸಿ ಹೇಳುತ್ತೇನೆ: ಕ್ಯಾಲೆಂಡರಿನಲ್ಲಿ ಮೊದಲ ಗುರುತು ವಾಪಸ್ ಬರುವ ದಿನಕ್ಕೆ ಹಾಕಿ. ಹೋಗುವಾಗ ಒಂದು ದಿನ ಆಚೀಚೆ ಆದರೂ ನಡೆಯುತ್ತದೆ, ದೆಹಲಿಯಲ್ಲಿ ಟಿಕೆಟ್ ಇಲ್ಲದೆ ನಾಲ್ಕು ಚೀಲ, ಎರಡು ಮಕ್ಕಳನ್ನು ಇಟ್ಟುಕೊಂಡು ಕೂತರೆ ನಡೆಯುವುದಿಲ್ಲ. ನಮ್ಮ ಮೊದಲ ಪ್ರವಾಸದಲ್ಲಿ ಹೋಗುವ ಟಿಕೆಟ್ ಕನ್ಫರ್ಮ್, ಬರುವುದು ವೇಟಿಂಗ್ ಲಿಸ್ಟ್. 'ಅಷ್ಟರಾಗ ಆಗ್ತದ ಬಿಡು' ಎಂದು ಹೊರಟೆವು. ಆಗಲಿಲ್ಲ. ಮನಾಲಿಯ ಹಿಮದ ನಡುವೆ ನಿಂತು ನಮ್ಮನೆಯವರು ಐದೈದು ನಿಮಿಷಕ್ಕೆ ಪಿಎನ್‌ಆರ್ ನೋಡುತ್ತಿದ್ದ ಫೋಟೊ ಇನ್ನೂ ನನ್ನ ಮೊಬೈಲಿನಲ್ಲಿದೆ.

ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ 2024 ಮತ್ತು 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಸಿಬಿಎಸ್‌ಇ ಶಾಲೆಯಾದರೆ ರಜೆಯ ಸುತ್ತೋಲೆ ಕೈಗೆ ಬರುವವರೆಗೆ ದಿನ ಗಟ್ಟಿಮಾಡಬೇಡಿ. ದೆಹಲಿಯ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುವುದು ಮೇ ಎರಡನೇ ವಾರದ ಸುಮಾರಿಗೆ. ಆಮೇಲೆ ಶಿಮ್ಲಾ, ಮನಾಲಿ, ಮಸ್ಸೂರಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ರೂಮಿನ ದರವೂ ಏರುತ್ತದೆ. ನಮಗೆ ಒಂದು ತಿಂಗಳು ಮೊದಲೇ ರಜೆ ಸಿಗುವುದು ದೊಡ್ಡ ಅನುಕೂಲ, ಅದನ್ನು ಬಿಟ್ಟುಕೊಡಬೇಡಿ. ಏಪ್ರಿಲ್ ಕೊನೆಯ ವಾರದಿಂದ ಮೇ 10ರ ಒಳಗೆ ಗುಡ್ಡದ ಊರು ನೋಡಿ ಇಳಿದುಬಿಡಿ.

ಇದಕ್ಕೆ ಅಡ್ಡಬರುವುದು ಒಂದೇ, ಲಗ್ನ. ಅಕ್ಷಯ ತೃತೀಯದ ಹಿಂದೆ ಮುಂದೆ ನಮ್ಮ ಕಡೆ ಯಾರ ಮನೆಯಲ್ಲಿ ಚಪ್ಪರ ಇರುವುದಿಲ್ಲ ಹೇಳಿ! ಟಿಕೆಟ್ ತೆಗೆಸುವ ಮುಂಚೆ ಅತ್ತೆಯ ತವರು, ನಿಮ್ಮ ತವರು, ಎರಡೂ ಕಡೆ ಒಂದೊಂದು ಫೋನ್ ಮಾಡಿ, "ಈ ವರ್ಷ ಯಾರ್ದರ ಅಕ್ಕಿಕಾಳು ಅದಾವೇನು?" ಎಂದು ಕೇಳಿಬಿಡಿ. ಇದನ್ನು ಮರೆತು ಟಿಕೆಟ್ ರದ್ದು ಮಾಡಿಸಿದವರನ್ನು ನಾನು ಬಲ್ಲೆ.

ಯಾವ ಊರು

ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಕಾಲಿಗೆ ತಕ್ಕ ಊರು ಆರಿಸಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಇಳಿದ ಮೇಲೆ ಎರಡು ದಿನ ಸುಮ್ಮನೆ ಮಲಗಿ ಮೈ ಒಗ್ಗಿಸಿಕೊಳ್ಳಬೇಕು, ಚಿಕ್ಕ ಮಕ್ಕಳು ಮತ್ತು ಬಿಪಿ ಇರುವ ಹಿರಿಯರೊಂದಿಗೆ ನಾನಂತೂ ಹೋಗುವುದಿಲ್ಲ. ಕೇದಾರನಾಥಕ್ಕೆ ಗೌರಿಕುಂಡದಿಂದ ಕಡಿದಾದ ನಡಿಗೆ, ಮೊದಲೇ ನೋಂದಣಿ ಕಡ್ಡಾಯ. ಅದು ಯಾತ್ರೆ, ಮಕ್ಕಳ ರಜೆಗೆ ಹೊಂದುವಂಥದ್ದಲ್ಲ. ಕಾಶ್ಮೀರಕ್ಕೆ 2025ರ ಜೂನ್‌ನಿಂದ ಕಟ್ರಾ–ಶ್ರೀನಗರ ರೈಲು ಇದೆ. ಆದರೆ ಹೊರಗಿನ ಪ್ರೀಪೇಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ಬೇಕು. ವಿದೇಶಕ್ಕೆ ಹೋಗುವವರಿಗೆ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣವೇ ಹತ್ತಿರ. ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ ಎಂಬುದು ನೆನಪಿರಲಿ, ದೊಡ್ಡವರದ್ದು ಸರಿ ಇದ್ದರೂ ಮಕ್ಕಳದ್ದು ಮುಗಿದಿರುತ್ತದೆ.

ಮೊದಲ ಸಲ ದೂರ ಹೋಗುವವರಿಗೆ ನಾನು ಹೇಳುವುದು ಶಿಮ್ಲಾ, ಮನಾಲಿ. ಶಿಮ್ಲಾ ಸುಮಾರು 2,200 ಮೀಟರ್, ಮನಾಲಿ 2,000 ಮೀಟರಿನ ಆಸುಪಾಸು. ಎತ್ತರದಿಂದ ತೊಂದರೆಯಾಗುವುದು ಕಡಿಮೆ, ಆಸ್ಪತ್ರೆ, ಔಷಧದಂಗಡಿ ಎಲ್ಲ ಇವೆ, ಮಕ್ಕಳಿಗೆ ಹಿಮವೂ ಸಿಗುತ್ತದೆ. ಕೆಳಗಿನ ಲೆಕ್ಕವೆಲ್ಲ ಈ ದಾರಿಯದ್ದು.

ಟಿಕೆಟ್: ಎರಡು ಮುಂಜಾವು, ಎಂಟು ಗಂಟೆ

ಬೆಂಗಳೂರು–ದೆಹಲಿ ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮೂರ ಮೇಲೇ ಹೋಗುತ್ತದೆ. ಯಾದಗಿರಿ, ವಾಡಿ ದಾಟಿ ಮುಂಜಾನೆ ಕಲಬುರಗಿಗೆ ಬಂದು, ಸೊಲ್ಲಾಪುರ, ದೌಂಡ್, ಮನ್ಮಾಡ್, ಭುಸಾವಳ, ಇಟಾರ್ಸಿ, ಭೋಪಾಲ್, ಝಾನ್ಸಿ ಮೇಲೆ ಮರುದಿನ ಮುಂಜಾನೆ ದೆಹಲಿ. ಸುಮಾರು 1,800 ಕಿ.ಮೀ., ಒಂದಿಡೀ ಹಗಲು, ಒಂದಿಡೀ ರಾತ್ರಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ತೆಲಂಗಾಣ ಎಕ್ಸ್‌ಪ್ರೆಸ್ ಇದೆ. ಇಲ್ಲವೇ 2017ರಲ್ಲಿ ಪೂರ್ತಿಯಾದ ಬೀದರ್–ಕಲಬುರಗಿ ಮಾರ್ಗದಲ್ಲಿ ಹಿಂದಿನ ದಿನವೇ ಇಲ್ಲಿಗೆ ಬಂದು ನೆಂಟರ ಮನೆಯಲ್ಲಿ ಮಲಗಬಹುದು.

ಮುಂಗಡ ಬುಕಿಂಗ್ ಮೊದಲು 120 ದಿನ ಇತ್ತು. 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ನಮ್ಮ ಕಡೆಯವರು ತಪ್ಪು ಮಾಡುವುದು ಈ ಅರವತ್ತನ್ನು ಎಣಿಸುವಲ್ಲಿ. ಎಣಿಕೆ ನೀವು ಹತ್ತುವ ದಿನದಿಂದ ಅಲ್ಲ, ಗಾಡಿ ತನ್ನ ಮೊದಲ ಊರಿನಿಂದ ಹೊರಡುವ ದಿನದಿಂದ. ಉದಾಹರಣೆಗೆ, ನೀವು ಮೇ 1ರ ಮುಂಜಾನೆ ಕಲಬುರಗಿಯಲ್ಲಿ ಹತ್ತುವವರು. ಆ ಗಾಡಿ ಬೆಂಗಳೂರು ಬಿಟ್ಟದ್ದು ಏಪ್ರಿಲ್ 30ರ ಸಂಜೆ. ಏಪ್ರಿಲ್ 30ರಿಂದ ಅರವತ್ತು ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 1. ಅಂದು ಬೆಳಗ್ಗೆ 8ಕ್ಕೆ ಬುಕಿಂಗ್ ತೆರೆಯುತ್ತದೆ. ನೀವು ಮೇ 1ರಿಂದ ಎಣಿಸಿ ಮಾರ್ಚ್ 2ರಂದು ಕೂತರೆ ಒಂದು ದಿನ ಕಳೆದುಹೋಗಿರುತ್ತದೆ, ರಜೆಯ ಕಾಲದಲ್ಲಿ ಒಂದು ದಿನವೆಂದರೆ ಇಡೀ ಬೋಗಿ.

ಬರುವ ಟಿಕೆಟ್ ದೆಹಲಿಯಿಂದ ಮೇ 10ರ ರಾತ್ರಿಯದ್ದು ಎಂದುಕೊಳ್ಳಿ. ಅಲ್ಲಿ ಗಾಡಿ ಹೊರಡುವುದೇ ದೆಹಲಿಯಿಂದ, ಆದ್ದರಿಂದ ಸೀದಾ ಲೆಕ್ಕ: ಮಾರ್ಚ್ 11. ಅಂದರೆ ಹೋಗುವ ಟಿಕೆಟ್ ಕೈಗೆ ಬಂದು ಹತ್ತು ದಿನ ಕಳೆದ ಮೇಲೆ ಬರುವ ಟಿಕೆಟ್ ತೆರೆಯುತ್ತದೆ. ನಾವು ಅಂದು ಎಡವಿದ್ದು ಆ ಹತ್ತು ದಿನದಲ್ಲೇ. ಒಂದು ಟಿಕೆಟ್ ಆಯಿತೆಂದು ಪೇಡೆ ಹಂಚಿ, ಎರಡನೆಯದನ್ನು ಮರೆತೆವು. ಈಗ ಅಡುಗೆಮನೆ ಕ್ಯಾಲೆಂಡರಿನಲ್ಲಿ ಎರಡೂ ತಾರೀಕಿಗೆ ಕೆಂಪು ಪೆನ್ನಿನ ಸುತ್ತು. ಎರಡನೆಯದು ಸಿಗುವವರೆಗೆ ಹೋಟೆಲಿಗೆ ಒಂದು ರೂಪಾಯಿಯೂ ಕಳಿಸುವುದಿಲ್ಲ.

ಅಂದಿನ ಬೆಳಗಿಗೆ ಮುಂಚೆಯೇ ಮಾಡಿಡುವ ಕೆಲಸ: ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿ. 2025ರ ಅಕ್ಟೋಬರ್‌ನಿಂದ ಬುಕಿಂಗ್ ತೆರೆದ ಮೊದಲ ಹೊತ್ತಿನಲ್ಲಿ ಆಧಾರ್ ದೃಢೀಕರಣ ಆದ ಖಾತೆಗಳಿಗಷ್ಟೇ ಆನ್‌ಲೈನ್ ಟಿಕೆಟ್. ಐದೂ ಜನರ ಹೆಸರು, ವಯಸ್ಸು 'ಮಾಸ್ಟರ್ ಲಿಸ್ಟ್'ನಲ್ಲಿ ತುಂಬಿಡಿ, ಎಂಟು ಗಂಟೆಗೆ ಅತ್ತೆಯ ಹುಟ್ಟಿದ ವರ್ಷ ಕೇಳುತ್ತ ಕೂರಬೇಡಿ. (ನಮ್ಮ ಅತ್ತೆಯ ಉತ್ತರ: "ಬರಗಾಲದ ಹಿಂದಿನ ವರ್ಷ ಹುಟ್ಟೀನಂತ.") ಒಂದು ಟಿಕೆಟಿನಲ್ಲಿ ಆರು ಮಂದಿವರೆಗೆ ಹಾಕಬಹುದು. ನಿಲ್ದಾಣ ಹುಡುಕುವಾಗ 'ಗುಲ್ಬರ್ಗಾ' ಎಂದು ಹೊಡೆಯದೆ ನಿಲ್ದಾಣದ ಕೋಡ್ ಕೆಎಲ್‌ಬಿಜಿ (KLBG) ಎಂದು ಹೊಡೆಯಿರಿ.

ಮಕ್ಕಳ ಚಾರ್ಜು ಹೀಗೆ: ಐದು ತುಂಬದವರಿಗೆ ಬರ್ತ್ ಬೇಡವೆಂದರೆ ಪುಕ್ಕಟೆ. ಐದು ತುಂಬಿ ಹನ್ನೆರಡು ಆಗದವರಿಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ. ಅರ್ಧ ಚಾರ್ಜಿನ ಆಸೆಗೆ ಬೀಳಬೇಡಿ. ಆರು ವರ್ಷದ ಹುಡುಗನನ್ನು ಮಗ್ಗುಲಲ್ಲಿ ಹಾಕಿಕೊಂಡು ಒಂದಿಡೀ ರಾತ್ರಿ ಮಲಗಿ ನೋಡಿ, ಬೆಳಗ್ಗೆ ನಿಮ್ಮ ಬೆನ್ನೇ ಲೆಕ್ಕ ಹೇಳುತ್ತದೆ. ಹಿರಿಯರ ರಿಯಾಯಿತಿ 2020ರಲ್ಲಿ ನಿಂತದ್ದು ಮತ್ತೆ ಶುರುವಾಗಿಲ್ಲ. ಆದರೆ ಅರವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ. ಅದು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟಿಗೆ. ಆದ್ದರಿಂದ ಅತ್ತೆಗೆ ಬೇರೆ ಟಿಕೆಟ್ ತೆಗೆದು ಅದೇ ಬೋಗಿ ಸಿಗುತ್ತದೇನೋ ನೋಡುವುದು ಒಂದು ದಾರಿ.

ಸ್ಲೀಪರೋ, ಎಸಿಯೋ? 'ನಮಗೇನ್ ಬಿಸಲು ಹೊಸಾದs?' ಎನ್ನುವವರಿಗೆ ಒಂದು ಮಾತು. ಕಲಬುರಗಿಯ ನಲವತ್ತೆರಡು ಡಿಗ್ರಿಯಲ್ಲಿ ನಾವು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತೇವೆ, ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಒಂದೂವರೆಗೆ ಮುಚ್ಚುತ್ತವೆ. ಸ್ಲೀಪರ್ ಬೋಗಿಯಲ್ಲಿ ಆ ಬಿಸಿಗಾಳಿ ಕಿಟಕಿಯಿಂದ ನೇರ ಮುಖಕ್ಕೆ ಬಡಿಯುತ್ತದೆ, ಎದ್ದು ಹೋಗಲು ಜಾಗವಿಲ್ಲ. ಮಕ್ಕಳು, ಹಿರಿಯರು ಇದ್ದರೆ ಬೇರೆ ಎಲ್ಲಾದರೂ ಕೈಬಿಗಿ ಮಾಡಿ, ಥರ್ಡ್ ಎಸಿ ತೆಗೆಸಿ.

ಟಿಕೆಟ್ ಕೈತಪ್ಪಿದರೆ ತತ್ಕಾಲ್. ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ, ಗಾಡಿ ಹೊರಡುವ ಹಿಂದಿನ ದಿನ ತೆರೆಯುತ್ತದೆ. ಇಲ್ಲಿಯೂ ಮೊದಲ ಊರಿನ ದಿನವೇ ಲೆಕ್ಕ: ಮೇ 1ರ ಮುಂಜಾನೆ ಇಲ್ಲಿ ಹತ್ತಲು ಏಪ್ರಿಲ್ 29ರಂದು ಕೂರಬೇಕು, 30ರಂದಲ್ಲ. ತತ್ಕಾಲಿನಲ್ಲಿ ಒಂದು ಟಿಕೆಟಿಗೆ ನಾಲ್ಕೇ ಮಂದಿ. ಐದು ಮಂದಿಯ ಮನೆಗೆ ಎರಡು ಮೊಬೈಲ್, ಇಬ್ಬರು ಕೂತು ಒತ್ತಬೇಕು, ಒಂದು ಸಿಕ್ಕಿ ಇನ್ನೊಂದು ತಪ್ಪಿದರೆ ಅದೇ ಒಂದು ಗೋಳು. ತತ್ಕಾಲ್ ನಂಬಿ ಮಕ್ಕಳಿಗೆ ಹಿಮದ ಆಸೆ ಹಚ್ಚಬೇಡಿ.

ದಿನಗಳ ಹಂಚಿಕೆ

ಮೇ 2ರ ಬೆಳಗ್ಗೆ ದೆಹಲಿ. ಅಂದೇ ಮುಂದೆ ಹೋಗುವ ಟಿಕೆಟ್ ಮಾಡಿಸಬೇಡಿ, ಇಷ್ಟು ದೂರದಿಂದ ಬರುವ ಗಾಡಿ ಎರಡು ಮೂರು ತಾಸು ತಡವಾಗುವುದು ಸಾಮಾನ್ಯ. ರೂಮಿನಲ್ಲಿ ಸ್ನಾನ, ನಿದ್ದೆ, ಸಂಜೆ ಬಿಸಿಲಿಳಿದ ಮೇಲೆ ಇಂಡಿಯಾ ಗೇಟ್. 3ರ ಮುಂಜಾನೆ ಶತಾಬ್ದಿಯಲ್ಲಿ ಕಾಲ್ಕಾ, ಅಲ್ಲಿಂದ ಟಾಯ್ ಟ್ರೈನಿನಲ್ಲಿ ಶಿಮ್ಲಾ. 1903ರಲ್ಲಿ ಶುರುವಾದ 96 ಕಿ.ಮೀ. ದಾರಿ, ನೂರೆರಡು ಸುರಂಗ, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಐದು ತಾಸು ಬೇಕು, ಕಾರಿನಲ್ಲಿ ಬೇಗ ಹೋಗಬಹುದು. ಆದರೂ ರೈಲಿನಲ್ಲೇ ಹೋಗಿ. ಮಗಳು ಸುರಂಗದ ನಂಬರ್ ಎಣಿಸುತ್ತ ಮೂವತ್ತರವರೆಗೆ ಎಚ್ಚರ ಇದ್ದಳು, ಆಮೇಲೆ ಅತ್ತೆ ಎಣಿಕೆ ಮುಂದುವರಿಸಿದರು.

4ರಂದು ಶಿಮ್ಲಾ, 5ರಂದು ಮನಾಲಿಗೆ ಕಾರು. ಈ ದಾರಿ ಏಳೆಂಟು ತಾಸು, ಪೂರ್ತಿ ತಿರುವು. ಬಯಲುಸೀಮೆಯ ನಮ್ಮ ಮಕ್ಕಳ ಹೊಟ್ಟೆ ಇದಕ್ಕೆ ಒಗ್ಗಿಲ್ಲ. ಬೆಳಗ್ಗೆ ಎಣ್ಣೆಯ ಪರಾಠಾ ಬೇಡ. ವಾಂತಿಯ ಮಾತ್ರೆ ಯಾವುದು, ಎಷ್ಟು ಎಂದು ಊರಿನಲ್ಲೇ ಡಾಕ್ಟರರನ್ನು ಕೇಳಿ ತಂದಿಟ್ಟುಕೊಂಡು ಹೊರಡುವ ಅರ್ಧ ತಾಸು ಮುಂಚೆ ಕೊಡಿ, ಮೊಬೈಲ್ ಕಸಿದುಕೊಳ್ಳಿ, ಒಂದೂವರೆ ತಾಸಿಗೊಮ್ಮೆ ಇಳಿಸಿ. 6, 7 ಮನಾಲಿ. 8ರಂದು ಹೊರಟು 9ಕ್ಕೆ ದೆಹಲಿ, 10ರ ರಾತ್ರಿ ಗಾಡಿ. ಮಧ್ಯದ ಆ ಖಾಲಿ ದಿನ ಗುಡ್ಡ ಕುಸಿದು ರಸ್ತೆ ಬಂದಾದರೆ ಎಂದು ಇಟ್ಟದ್ದು. ಏನೂ ಆಗದಿದ್ದರೆ ಚಾಂದನಿ ಚೌಕ್ ಇದ್ದೇ ಇದೆ.

ರೋಹ್ತಾಂಗ್ ಬಗ್ಗೆ ಮಕ್ಕಳಿಗೆ ಮಾತು ಕೊಡಬೇಡಿ. 3,978 ಮೀಟರ್ ಎತ್ತರದ ಆ ಕಣಿವೆ ದಾರಿ ಮೇ ಮೊದಲ ವಾರದಲ್ಲಿ ಎಷ್ಟೋ ಸಲ ಹಿಮದಿಂದ ಮುಚ್ಚಿರುತ್ತದೆ. ತೆರೆದಿದ್ದರೂ ವಾಹನಕ್ಕೆ ಪರ್ಮಿಟ್ ಬೇಕು, ಮಂಗಳವಾರ ರಜೆ. ಅದರ ಬದಲು 9.02 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿ ಸಿಸ್ಸು, ಕೋಕ್ಸರ್ ಕಡೆ ಹೋದರೆ ಆ ಹೊತ್ತಿನಲ್ಲಿ ಹಿಮ ಸಿಗುವ ಸಂಭವ ಹೆಚ್ಚು. ಅಲ್ಲಿಯೂ ಎತ್ತರ ಮೂರು ಸಾವಿರ ಮೀಟರ್ ದಾಟುತ್ತದೆ, ಮಕ್ಕಳನ್ನು ಓಡಲು ಬಿಡಬೇಡಿ. ತಲೆನೋವು, ವಾಂತಿ ಶುರುವಾದರೆ ಫೋಟೊ ಸಾಕು ಮಾಡಿ ಕೆಳಗಿಳಿಯಿರಿ.

ರೂಮು: ಮೆಟ್ಟಿಲು ಎಣಿಸಿ

ಮೊದಲ ಸಲ ನಮ್ಮೂರಿನ ಒಬ್ಬ ಏಜೆಂಟರ ಕೈಯಲ್ಲಿ ಶಿಮ್ಲಾ ರೂಮು ಮಾಡಿಸಿದ್ದೆವು. "ಮಾಲ್ ರೋಡಿಗೆ ಎರಡೇ ನಿಮಿಷ ಮೇಡಂ" ಎಂದಿದ್ದರು. ಎರಡೇ ನಿಮಿಷ, ನಿಜ. ಅವರು ಹೇಳದೇ ಉಳಿಸಿದ್ದು, ಆ ಎರಡು ನಿಮಿಷ ಪೂರ್ತಿ ಮೆಟ್ಟಿಲು ಎಂಬುದನ್ನು. ಕಾರು ಕೆಳಗೇ ನಿಂತಿತು. ಮಾಲ್ ರೋಡಿನಲ್ಲಿ ಸಾಮಾನ್ಯ ವಾಹನ ಬಿಡುವುದಿಲ್ಲ, ಅಲ್ಲಿನ ಎಷ್ಟೋ ಹೋಟೆಲುಗಳಿಗೆ ಕಾಲ್ನಡಿಗೆಯೇ ದಾರಿ. ಅತ್ತೆ ಅರವತ್ತು ಹತ್ತಿ ಅಲ್ಲೇ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ನೋಡಿ, "ಯವ್ವಾ, ಇಷ್ಟ್ ಪಾವಟಿಗಿ ಹತ್ತಿದ್ರ ಮ್ಯಾಲ ಒಂದ್ ದೇವ್ರರ ಇರಬೇಕಿತ್ತು" ಎಂದರು. ಸಾಮಾನು ಹೊತ್ತ ಕೂಲಿಯವನಿಗೆ ಕನ್ನಡ ಬಾರದಿದ್ದರೂ ನಕ್ಕುಬಿಟ್ಟ.

ಈಗ ನಾನೇ ಹೋಟೆಲಿಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳು ನಾಲ್ಕು. ಕಾರು ಬಾಗಿಲವರೆಗೆ ಬರುತ್ತದೆಯೇ? ಬಾಗಿಲಿನಿಂದ ರೂಮಿಗೆ ಎಷ್ಟು ಮೆಟ್ಟಿಲು, ಲಿಫ್ಟ್ ನಡೆಯುತ್ತದೆಯೇ? ಬಿಸಿನೀರು ಯಾವ ಹೊತ್ತಿನಲ್ಲಿ? ಐದನೆಯವರಿಗೆ ಹಾಸಿಗೆ ಹಾಕಿದರೆ ಎಷ್ಟು? ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ, ಬಾಯಿಮಾತು ಬೇಡ. ಶಿಮ್ಲಾದಲ್ಲಿ ಕಾರ್ಟ್ ರೋಡ್ ಬದಿ ಉಳಿದರೆ ಕಾರು ಬರುತ್ತದೆ, ಅಲ್ಲಿಂದ ಮಾಲ್ ರೋಡಿಗೆ ಪ್ರವಾಸೋದ್ಯಮ ನಿಗಮದ ಲಿಫ್ಟ್ ಇದೆ.

ಬುತ್ತಿ

ರೈಲಿನ ಊಟ ಬೇಡವೆಂದಲ್ಲ, ಆದರೆ ನಮ್ಮಂಥ ಊರಿನವರಿಗೆ ಬುತ್ತಿಯ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಿಲ್ಲ. ಕಟ್ಟುವ ರೀತಿ ಮಾತ್ರ ಹೇಳುತ್ತೇನೆ. ಖಡಕ್ ಜೋಳದ ರೊಟ್ಟಿ ಹೊರಡುವ ಮೂರು ದಿನ ಮುಂಚೆಯೇ ಬಡಿದು ಪೂರ್ತಿ ಒಣಗಿಸಿ, ತಣಿಯದೆ ಕಟ್ಟಿದರೆ ಬೆವರಿ ಮೆತ್ತಗಾಗುತ್ತವೆ. ಸ್ಟೀಲ್ ಡಬ್ಬಿಯ ತಳಕ್ಕೆ ಹಳೆ ಕಾಟನ್ ಸೀರೆಯ ತುಂಡು, ಹತ್ತು ರೊಟ್ಟಿಗೊಂದು ಮಡಿಕೆ ಬಟ್ಟೆ, ಮೇಲೆ ಮತ್ತೆ ಬಟ್ಟೆ ಒತ್ತಿ ಮುಚ್ಚಳ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಇಷ್ಟು ಮಾಡಿದರೂ ದೌಂಡ್ ಬರುವಷ್ಟರಲ್ಲಿ ನಾಲ್ಕೈದು ಒಡೆದಿರುತ್ತವೆ, ಅವನ್ನು ಮುರಿದು ಮೊಸರಿನಲ್ಲಿ ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿದರೆ ಮಧ್ಯಾಹ್ನದ ಊಟ. ಮೊಸರು, ಪಲ್ಯ ಮೊದಲ ಹೊತ್ತಿಗಷ್ಟೇ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರ ಹತ್ತು ದಿನವೂ ಇರುತ್ತವೆ. ಮನಾಲಿಯಲ್ಲಿ ರಾಜ್ಮಾ–ಅನ್ನದ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡು ತಿಂದ ಮಗ ಈಗಲೂ ಅದನ್ನೇ ಕೇಳುತ್ತಾನೆ. ಮಾದಲಿ ಒಂದು ಡಬ್ಬಿ ಇದ್ದರೆ ಹಾಲು ಸಿಕ್ಕಲ್ಲಿ ಮಕ್ಕಳ ಹೊಟ್ಟೆ ತುಂಬುತ್ತದೆ. ನೀರು ಮಾತ್ರ ಸೀಲ್ ಬಾಟಲಿಯದ್ದೇ ಕೊಳ್ಳಿ.

ಬಟ್ಟೆ, ಔಷಧ, ದುಡ್ಡು

ಏಪ್ರಿಲಿನ ಕಲಬುರಗಿಯಲ್ಲಿ ಸ್ವೆಟರ್ ಹುಡುಕಿದರೆ ಅಂಗಡಿಯವನು ನಿಮ್ಮ ಮುಖ ನೋಡುತ್ತಾನೆ. ಚಳಿಗಾಲದಲ್ಲಿ ಸ್ವೆಟರ್ ಮಾರುವವರು ಬಂದಾಗಲೇ ತಲೆಗೊಂದು ತೆಗೆದಿಡಿ. ಹಿಮಕ್ಕೆ ಬೇಕಾದ ದಪ್ಪ ಕೋಟು, ಬೂಟು ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಒಳಗಿನ ಉಣ್ಣೆ ಕಾಲುಚೀಲ, ಕೈಗವಸು ಮಾತ್ರ ನಿಮ್ಮದೇ ಇರಲಿ. ಒಣ ಚಳಿಗೆ ತುಟಿ ಒಡೆಯುತ್ತದೆ, ವ್ಯಾಸಲೀನ್ ಮರೆಯಬೇಡಿ. ತಲೆಗೊಂದೇ ಚೀಲ, ಅದಕ್ಕಿಂತ ಹೆಚ್ಚಾದರೆ ಕಲಬುರಗಿ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವ ಕೆಲವೇ ನಿಮಿಷಗಳಲ್ಲಿ ನಿದ್ದೆಗಣ್ಣಿನ ಮಕ್ಕಳ ಜೊತೆ ಹತ್ತಿಸಲಾಗದು.

ಅತ್ತೆಯ ಬಿಪಿ ಮಾತ್ರೆ ಐದು ದಿನದ್ದು ಹೆಚ್ಚು ಒಯ್ಯಿರಿ, ಎರಡು ಚೀಲದಲ್ಲಿ ಹಂಚಿ ಇಡಿ. ಓಆರ್‌ಎಸ್, ಜ್ವರದ ಔಷಧ, ಎಲ್ಲರ ಮೂಲ ಆಧಾರ್ ಕಾರ್ಡು, ಮಕ್ಕಳದ್ದೂ ಸೇರಿ. ಎಲ್‌ಟಿಸಿ (ರಜೆ ಪ್ರವಾಸದ ರಿಯಾಯಿತಿ) ಇರುವ ನೌಕರರು ಹೊರಡುವ ಮುಂಚೆಯೇ ಮಂಜೂರಾತಿ ಪಡೆಯಿರಿ, ಬಂದ ಮೇಲೆ ಅರ್ಜಿ ಕೊಟ್ಟರೆ ಕಡತ ಎಲ್ಲಿರುತ್ತದೆಂದು ನಿಮಗೇ ಗೊತ್ತು.

ದುಡ್ಡಿನ ಲೆಕ್ಕಕ್ಕೆ ಐದು ಸಾಲು ಬರೆಯುತ್ತೇನೆ: ರೈಲು, ಕಾರು, ರೂಮು, ಊಟ, ಮತ್ತು 'ಕೈಜಾರುವುದು'. ಕುದುರೆ ಸವಾರಿ, ಯಾಕ್ ಮೇಲೆ ಫೋಟೊ, ಓಣಿಯವರಿಗೆ ಶಾಲು ಎಲ್ಲ ಈ ಕೊನೆಯ ಸಾಲಿಗೆ. ಮೊದಲ ನಾಲ್ಕರ ಮೊತ್ತದ ಹತ್ತನೇ ಒಂದು ಭಾಗ ಅದಕ್ಕಿಡಿ. ಕಾರಿನವರ ಜೊತೆ ಮಾತಾಡುವಾಗ ಟೋಲ್, ಪಾರ್ಕಿಂಗ್, ಡ್ರೈವರ್ ಊಟ ಸೇರಿದೆಯೇ ಎಂದು ಕೇಳಿ.

ಬೀಗ ಹಾಕುವ ಮುಂಚೆ, ತೆಗೆಯುವಾಗ

ಗ್ಯಾಸ್ ಬಂದ್, ಮೋಟಾರಿನ ಸ್ವಿಚ್ ಬಂದ್, ಫ್ರಿಜ್ ಖಾಲಿ. ಹತ್ತಿರದ ಠಾಣೆಗೆ ಮನೆ ಬೀಗ ಹಾಕಿರುವ ವಿಷಯ ತಿಳಿಸಿ. ತುಳಸಿಗೆ ನೀರು ಹಾಕಲು, ನಲ್ಲಿ ನೀರು ಬಿಟ್ಟ ದಿನ ಸಂಪು ತುಂಬಿಸಲು ಪಕ್ಕದ ಮನೆಯವರಿಗೆ ಗೇಟಿನ ಕೀಲಿ ಕೊಡಿ. ಮೇ ತಿಂಗಳಲ್ಲಿ ಹತ್ತು ದಿನದ ಪ್ರವಾಸ ಮುಗಿಸಿ ಬಂದು ಸಂಪು ಖಾಲಿ ಇದ್ದರೆ ಟ್ಯಾಂಕರ್ ಹುಡುಕುವುದೇ ಮೊದಲ ಕೆಲಸವಾಗುತ್ತದೆ. 'ಶಿಮ್ಲಾಕ್ಕೆ ಹೊರಟೆವು' ಎಂದು ಸ್ಟೇಟಸ್ ಹಾಕುವುದು ಬಂದ ಮೇಲೆ ಇಟ್ಟುಕೊಳ್ಳಿ.

ವಾಪಸ್ ಗಾಡಿ ನಮ್ಮೂರಿಗೆ ಬರುವುದು ರಾತ್ರಿ ಗಾಢ ನಿದ್ದೆಯ ಹೊತ್ತಿನಲ್ಲಿ. 139ಕ್ಕೆ ಫೋನ್ ಮಾಡಿ ನಿಲ್ದಾಣ ಬರುವ ಮುಂಚೆ ಎಬ್ಬಿಸುವ ವ್ಯವಸ್ಥೆ ಮಾಡಿಕೊಳ್ಳಬಹುದು, ನಾನು ಅದರ ಜೊತೆ ಎರಡು ಮೊಬೈಲಿನಲ್ಲಿ ಅಲಾರಾಂ ಇಡುತ್ತೇನೆ. ಎಚ್ಚರವಾಗದಿದ್ದರೆ ಕಣ್ಣು ಬಿಡುವಾಗ ವಾಡಿ, ಇನ್ನೂ ಮಲಗಿದರೆ ಯಾದಗಿರಿ. ಸೊಲ್ಲಾಪುರ ದಾಟಿದ ಕೂಡಲೇ ಮಕ್ಕಳ ಬೂಟು ಹಾಕಿಸಿ, ಚೀಲಗಳನ್ನು ಎಣಿಸಿ ಬಾಗಿಲ ಬಳಿಗೆ ಸರಿಸಿ. ಆ ಹೊತ್ತಿನಲ್ಲಿ ಆಟೋದವರ ಜೊತೆ ಚೌಕಾಸಿ ಆಗುವುದಿಲ್ಲ, ಓಣಿಯ ಪರಿಚಯದ ಆಟೋದವರಿಗೆ ಹಿಂದಿನ ದಿನವೇ ಹೇಳಿಡಿ. ಮನೆಯ ಕೀಲಿ ಸೂಟ್‌ಕೇಸಿನ ತಳದಲ್ಲಿ ಬೇಡ. ನಮ್ಮದು ಅತ್ತೆಯ ಸಂಚಿಯಲ್ಲಿರುತ್ತದೆ, ಎಲೆ ಅಡಿಕೆಯ ಜೊತೆ.